ಮೂರನೆಯ ಹಾಳೆ

ಈ ಊರಿನಲ್ಲಿ ಪ್ರಿಂಟರ್ ರಿಪೇರಿ ಮಾಡುವವರು ಹನ್ನೊಂದು ಮಂದಿ ಇದ್ದಾರೆ. ಅವರಲ್ಲಿ ಹತ್ತು ಮಂದಿಯನ್ನು ಒಟ್ಟು ಸೇರಿಸಿದರೂ ನನ್ನ ಎಡಗೈಯ ಕಿರುಬೆರಳಿಗೆ ಸಮವಾಗುವುದಿಲ್ಲ. ಹನ್ನೊಂದನೆಯವನು ನಾನೇ. ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಮೂರು ತಿಂಗಳಿನಿಂದ ಬಾಯಿ ಬಿಡದ ಪ್ರಿಂಟರ್ ತಾನಾಗಿಯೇ ಹಾಳೆ ಉಗುಳತೊಡಗುತ್ತದೆ. ಒಂದು ವಿಮಾ ಕಚೇರಿಯಲ್ಲಿ ಸತ್ತುಹೋಯಿತೆಂದು ಗುಜರಿಗೆ ಹಾಕಿದ್ದ ಯಂತ್ರವನ್ನು ಬರೀ ಕೆಮ್ಮಿ ಎಬ್ಬಿಸಿದ್ದೇನೆ. ನಂಬಿಕೆಯಿಲ್ಲದವರು ನನ್ನ ಹೆಂಡತಿಯನ್ನು ಕೇಳಬಹುದು. ಅವಳೂ ನಂಬುವುದಿಲ್ಲ, ಆದರೆ ಕೇಳಬಹುದು.

ಮನುಷ್ಯ ಕಟ್ಟಿದ ಯಂತ್ರಗಳಲ್ಲೆಲ್ಲ ಪ್ರಿಂಟರಿನಷ್ಟು ದ್ರೋಹಿ ಇನ್ನೊಂದಿಲ್ಲ. ಫ್ರಿಜ್ ಕೆಡುವ ಮೊದಲು ನರಳುತ್ತದೆ. ಮಿಕ್ಸಿ ಸುಟ್ಟ ವಾಸನೆ ಬಿಟ್ಟು ಎಚ್ಚರಿಸುತ್ತದೆ. ಗಡಿಯಾರದಂಥ ಗಡಿಯಾರವೂ ಎರಡು ದಿನ ಹಿಂದೆ ಬಿದ್ದು, ನನಗೆ ಮೈ ಸರಿಯಿಲ್ಲ ಎಂದು ಸೂಚಿಸುತ್ತದೆ. ಪ್ರಿಂಟರ್ ಮಾತ್ರ ನಿನ್ನೆ ಯಾರಿಗೂ ಬೇಡದ ಹಾಳೆಯನ್ನು ನೂರು ಸಲ ಅಚ್ಚು ಹಾಕಿಕೊಟ್ಟು, ಇವತ್ತು ಬೇಕೇಬೇಕಾದ ಒಂದೇ ಒಂದು ಹಾಳೆಯನ್ನು ಅರ್ಧ ನುಂಗಿಕೊಂಡು ಕೆಂಪು ಕಣ್ಣು ಮಿಟುಕಿಸುತ್ತ ನಿಲ್ಲುತ್ತದೆ. ಜನ ಅದನ್ನು ಬೈಯುತ್ತಾರೆ, ಗುದ್ದುತ್ತಾರೆ, ಕೊನೆಗೆ ಮುದ್ದು ಮಾಡಿಯೂ ನೋಡುತ್ತಾರೆ. ದೊಡ್ಡ ದೊಡ್ಡ ಅಧಿಕಾರಿಗಳು ಅದರ ಮುಂದೆ ನೆಲಕ್ಕೆ ಕೂತು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಪನಿಗೆ ಫೋನ್ ಮಾಡಿದರೆ ಮುಕ್ಕಾಲು ಗಂಟೆ ಸಂಗೀತ ಕೇಳಿಸಿ, ಆಮೇಲೆ ಜೇನಿನಂಥ ದನಿಯೊಂದು "ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎನ್ನುತ್ತದೆ. ನಾನೂ ಮಾಡುವುದು ಬಹುತೇಕ ಅದನ್ನೇ. ನಾನು ಮಾಡಿದರೆ ಅದನ್ನು ವಿದ್ಯೆ ಎನ್ನುತ್ತಾರೆ.

ಅವತ್ತು ಬೆಳಿಗ್ಗೆ ಫೋನ್ ಮಾಡಿದವಳು ಒಬ್ಬ ದರ್ಜಿಯ ಮಗಳು. ಹೋಗಿ ನೋಡಿದರೆ ಗಲ್ಲಿಯ ತುದಿಯಲ್ಲಿ ಎರಡೇ ಕೋಣೆಯ ಮನೆ. ಮುಂದಿನ ಕೋಣೆಯೇ ಅಂಗಡಿಯಾಗಿದ್ದದ್ದು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಅದರ ಮೇಲೊಂದು ಹಳೆಯ ಬೆಡ್‌ಶೀಟು. ಮೇಜಿನ ಒಂದು ಕೊನೆಯಲ್ಲಿ ಕಂಪ್ಯೂಟರ್, ಪಕ್ಕದಲ್ಲಿ ಲೇಸರ್ ಪ್ರಿಂಟರ್, ಅದರ ಕೆಂಪು ದೀಪ. ಗೋಡೆಯ ಸ್ವಿಚ್ಚಿಗೆ ಮೂರು ಸುತ್ತು ಟೇಪು ಸುತ್ತಿದ್ದರು. ಗೋಡೆಯ ತುಂಬ ಗುಂಡುಸೂಜಿ ಚುಚ್ಚಿದ ಹಾಳೆಗಳು, ಎಲ್ಲವೂ ಅಚ್ಚಾದವು. ಒಂದರಲ್ಲಿ "ಉಪ್ಪು ಕಮ್ಮಿ". ಇನ್ನೊಂದರಲ್ಲಿ "ಕಿಟಕಿ ಮುಚ್ಚು". ಮತ್ತೊಂದರಲ್ಲಿ "ನಾನು ಮಲಗಿದ್ದೇನೆ, ಸತ್ತಿಲ್ಲ. ಪದೇ ಪದೇ ಬಂದು ನೋಡಬೇಡ".

"ಏನಕ್ಕಾ ಇದು, ಮನೆಯಾ, ಸರ್ಕಾರಿ ಕಚೇರಿಯಾ?" ಎಂದು ಕೇಳಿದೆ.

"ಅಪ್ಪ ನನ್ನ ಹತ್ರ ಮಾತಾಡ್ತಿರಲಿಲ್ಲ," ಎಂದಳು. "ಕೂತ್ಕೊಳ್ಳಿ. ಏನನ್ನೂ ಮುಟ್ಬೇಡಿ. ಮೊದಲು ನಾನು ಹೇಳೋದು ಕೇಳಿ."

ಕೂತೆ. ಜೀವಮಾನದಲ್ಲಿ ನಾನು ಬಾಯಿ ಮುಚ್ಚಿ ಕೇಳಿಸಿಕೊಂಡದ್ದು ಅದೊಂದೇ ಸಲ.

ನಾಲ್ಕು ವರ್ಷದ ಹಿಂದೆ ಅವಳಪ್ಪನ ಬಲಗಾಲು ಸಕ್ಕರೆ ಕಾಯಿಲೆಯಿಂದ ಕೊಳೆಯಿತು. ಆಸ್ಪತ್ರೆಗೆ ಸೇರುವಾಗ ಅವರು ಮಗಳ ಕೈ ಹಿಡಿದು, ಪ್ರಾಣ ಹೋದರೂ ಸರಿ, ಕಾಲು ತೆಗೆಸಬೇಡ ಎಂದಿದ್ದರು. ಹೊಲಿಗೆ ಯಂತ್ರ ತುಳಿಯುವ ಕಾಲು ಅದು. ಮಾರನೆಯ ದಿನ ಅವರಿಗೆ ಎಚ್ಚರ ತಪ್ಪಿತು. ಸಂಜೆಯೊಳಗೆ ತೆಗೆಯದಿದ್ದರೆ ಮನುಷ್ಯನೇ ಇರುವುದಿಲ್ಲ ಎಂದರು ಡಾಕ್ಟರು. ಮಗಳು ಸಹಿ ಹಾಕಿದಳು. ಅಪ್ಪ ಉಳಿದರು, ಮನೆಗೆ ಬಂದರು, ಹೊಲಿಗೆ ಯಂತ್ರವನ್ನು ಒಂದು ಸಲ ನೋಡಿದರು. ಅವತ್ತಿನಿಂದ ಅವಳೊಂದಿಗೆ ಒಂದು ಮಾತಿಲ್ಲ. ಪಕ್ಕದ ಮನೆಯವರೊಂದಿಗೆ ಹರಟುತ್ತಿದ್ದರು, ಬೆಕ್ಕಿನೊಂದಿಗೆ ಹರಟುತ್ತಿದ್ದರು. ಮಗಳಿಗೆ ಏನಾದರೂ ಹೇಳಬೇಕಾದರೆ ಒಂದೇ ಬೆರಳಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದು ಗೋಡೆಗೆ ಚುಚ್ಚುತ್ತಿದ್ದರು.

"ಕೈಯಲ್ಲಿ ಬರೆದು ಕೊಡಬಹುದಿತ್ತಲ್ಲ?"

"ಪಕ್ಕದ ಮನೆಯವ್ರೂ ಕೇಳಿದ್ರು. ಕೈಬರಹ ಅಂದ್ರೆ ಸಲಿಗೆ, ಅದು ನಮ್ಮವರಿಗೆ ಮಾತ್ರ ಅಂದ್ರಂತೆ."

ಹತ್ತು ದಿನದ ಹಿಂದೆ, ಬೆಳಿಗ್ಗೆ ಹನ್ನೊಂದಕ್ಕೆ, ಅವರು ಎರಡು ಗಂಟೆ ಕೂತು ಏನೋ ಟೈಪ್ ಮಾಡಿದರು. ಎರಡು ಹಾಳೆ ಬಂತು. ಮೂರನೆಯದು ಒಳಗೆ ಸಿಕ್ಕಿಕೊಂಡು ಪ್ರಿಂಟರ್ ನಿಂತಿತು. ನಾಲ್ಕು ಸಲ ಗುದ್ದಿದರು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನು ಎಂದಿನಂತೆ ಉಳಿಸದೆ ಮುಚ್ಚಿದರು, ಕುರ್ಚಿಗೆ ಒರಗಿದರು. ಪ್ರಿಂಟರ್ ನಿಂತದ್ದಕ್ಕೂ ಅವರ ಉಸಿರು ನಿಂತದ್ದಕ್ಕೂ ಅರ್ಧ ಗಂಟೆಯ ಅಂತರ.

ಬಂದ ಎರಡು ಹಾಳೆಗಳನ್ನು ಅವಳು ನನ್ನ ಕೈಗಿಟ್ಟಳು. ಓದಿದೆ. ಬೈಗುಳವೆಂದರೆ ಅದು ಬೈಗುಳ. ಮಾತು ಮೀರಿದವಳು, ಗಂಡಸನ್ನು ಕುಂಟನನ್ನಾಗಿ ಮಾಡಿದವಳು, ಅನ್ನ ಹಾಕಿ ಹಾಕಿ ಕೊಂದವಳು. ಎರಡನೆಯ ಹಾಳೆಯ ಕೊನೆಯ ಸಾಲು ಹೀಗಿತ್ತು: "ಇಷ್ಟು ನಿನ್ನ ತಪ್ಪು. ಇನ್ನು ನನ್ನ ಮಾತು."

"ಅಪ್ಪ ಯಾವತ್ತೂ ಹೀಗೇನೇ," ಎಂದಳು. "ಎರಡು ಪಾಲು ಬೈಯೋರು, ಮೂರನೇ ಪಾಲಿಗೆ ಕರಗೋರು. ಚಿಕ್ಕೋಳಿದ್ದಾಗ ಅವರ ಕತ್ತರಿ ಕಳೆದುಬಿಟ್ಟಿದ್ದೆ. ಮಧ್ಯಾಹ್ನದ ತನಕ ಬೈದು, ಆಮೇಲೆ ಊಟ ಮಾಡಿದ್ಯಾ ಅಂದ್ರು. ಕಾಲು ಹೋದ ಮೇಲೆ ಆ ಮೂರನೇ ಪಾಲು ಬರಲೇ ಇಲ್ಲ. ಅದು ಇದರ ಹೊಟ್ಟೆಯೊಳಗಿದೆ."

"ಅದರಲ್ಲೂ ಬೈದಿದ್ರೆ?"

"ಬೈದಿದ್ರೆ ಬೈದಿದ್ದು. ನನಗೆ ಗೊತ್ತಾಗ್ಬೇಕು."

ಕಂಪನಿಯವರು ಆಫ್ ಮಾಡಿ ಎಂದರಂತೆ. ಆರಿಸಿದರೆ ಯಂತ್ರದ ನೆನಪಿನಲ್ಲಿರುವುದು ಅಳಿಸಿಹೋಗುತ್ತದೆ ಎಂದು ಯಾರೋ ತಿಳಿದವರು ಹೇಳಿದ್ದರಿಂದ ಅವಳು ಒಪ್ಪಲಿಲ್ಲ. ಆ ತಿಳಿದವರು ಸರಿಯಾಗಿಯೇ ಹೇಳಿದ್ದರು. ಲೇಸರ್ ಪ್ರಿಂಟರ್ ಹಾಳೆ ಸಿಕ್ಕಿಕೊಂಡರೆ ಆ ಪುಟವನ್ನು ನೆನಪಿಟ್ಟುಕೊಂಡಿರುತ್ತದೆ. ಸಿಕ್ಕಿದ್ದನ್ನು ಬಿಡಿಸಿದ ಕೂಡಲೇ ಮತ್ತೆ ಅಚ್ಚು ಹಾಕುತ್ತದೆ. ವಿದ್ಯುತ್ತು ತಪ್ಪಬಾರದು, ಅಷ್ಟೇ. ಅವಳ ಪುಣ್ಯಕ್ಕೆ ಆ ಹತ್ತು ದಿನ ಗಲ್ಲಿಯಲ್ಲಿ ಒಂದು ಸಲವೂ ಕರೆಂಟು ಹೋಗಿರಲಿಲ್ಲ. ಹತ್ತು ದಿನ ಅವಳು ಆ ಕೆಂಪು ದೀಪದ ಎದುರಿಗೆ ಚಾಪೆ ಹಾಸಿಕೊಂಡು ಮಲಗಿದ್ದಳು.

"ಅಕ್ಕಾ, ನಿಮ್ಮ ಅದೃಷ್ಟ ನೋಡಿ, ಸರಿಯಾದವನ ಹತ್ರ ಬಂದಿದ್ದೀರಿ," ಎಂದೆ. "ಇಂಥ ಹಾಳೆ ಸಾವಿರ ತೆಗೆದಿದ್ದೀನಿ. ಕಣ್ಣು ಕಟ್ಟಿಕೊಂಡು ತೆಗೆದಿದ್ದೀನಿ. ಒಂದು ಟಾರ್ಚ್ ಇದ್ರೆ ಕೊಡಿ."

ಟಾರ್ಚ್ ನನ್ನ ಚೀಲದಲ್ಲೇ ಇತ್ತು. ಕೇಳಿ ತರಿಸಿಕೊಂಡರೆ ಕೆಲಸಕ್ಕೊಂದು ಘನತೆ ಬರುತ್ತದೆ. ಅವಳು ಒಳಗೆ ಹೋದಳು. ನಾನು ತೋಳು ಮಡಚಿದೆ, ಪ್ರಿಂಟರಿನ ಮುಂದೆ ಬಗ್ಗಿದೆ, ಮುಚ್ಚಳ ತೆಗೆಯುವ ಮೊದಲು ಇಪ್ಪತ್ತು ವರ್ಷದಿಂದ ಮಾಡುತ್ತ ಬಂದದ್ದನ್ನೇ ನನ್ನ ಬಲಗೈ ಮಾಡಿತು. ಹಿಂದುಗಡೆಗೆ ಹೋಗಿ ಗುಂಡಿ ಒತ್ತಿತು.

ಗೋಡೆಯ ಸ್ವಿಚ್ಚಿಗೆ ಟೇಪು ಸುತ್ತಿದ್ದಳು. ಯಂತ್ರದ ಬೆನ್ನಿಗೊಂದು ಗುಂಡಿ ಇರುವುದು ಅವಳಿಗೆ ಗೊತ್ತಿರಲಿಲ್ಲ.

ದೀಪ ಆರಿತು. ನಾನು ತಕ್ಷಣ ಮತ್ತೆ ಒತ್ತಿದೆ. ನನ್ನ ಹೃದಯ ನಿಂತೇ ಹೋಯಿತೆಂದರೆ ಈ ಸಲ ಉತ್ಪ್ರೇಕ್ಷೆಯಲ್ಲ. ಯಂತ್ರ ಗರಗರ ಎಂದು ಎದ್ದಿತು. ಇನ್ನು ಒಳಗಿನ ಹಾಳೆಯಾದರೂ ಉಳಿಯಲಿ ಎಂದು ಮುಚ್ಚಳ ತೆಗೆದು ಎಳೆದೆ. ಮೆಲ್ಲಗೆ ಎಳೆಯಬೇಕಿತ್ತು. ಈ ಯಂತ್ರಗಳು ಮೊದಲು ಕಪ್ಪು ಪುಡಿಯಲ್ಲಿ ಅಕ್ಷರ ಮೂಡಿಸಿ, ಆಮೇಲೆ ಬಿಸಿಯಲ್ಲಿ ಬೇಯಿಸುತ್ತವೆ. ಬೇಯುವ ಮೊದಲು ಅಕ್ಷರವೆಂದರೆ ಕಾಗದದ ಮೇಲಿನ ಬೂದಿ. ಹಾಳೆಯ ಮೇಲ್ತುದಿಯಲ್ಲಿ ಅಂಥ ಒಂದೇ ಒಂದು ಸಾಲಿತ್ತು. ಅದರ ಮೊದಲ ಪದ ನನ್ನ ಕಣ್ಣಿಗೆ ಬಿತ್ತು. "ಮಗಳೇ". ಮುಂದಿನದನ್ನು ಓದುವಷ್ಟರಲ್ಲಿ ನನ್ನ ಹೆಬ್ಬೆರಳು ಅದರ ಮೇಲೆ ಹಾದುಹೋಗಿತ್ತು. ಸಾಲು ಇದ್ದಲ್ಲಿ ಒಂದು ಕಪ್ಪು ಮಬ್ಬು ಉಳಿಯಿತು.

ಅವಳ ಹೆಜ್ಜೆ ಸದ್ದು ಕೇಳಿಸಿತು. ಹಾಳೆಯನ್ನು ಚೀಲದೊಳಗೆ ಫೈಲಿನಲ್ಲಿ ತುರುಕಿದೆ.

ಹಸಿರು ದೀಪ ನೋಡಿ ಅವಳು ಟಾರ್ಚನ್ನು ಎದೆಗೆ ಒತ್ತಿಕೊಂಡಳು. "ಬಂತಾ?"

"ಬರತ್ತೆ," ಎಂದೆ. "ಹಾಳೆ ಎಳೆಯೋ ಒಂದು ರೋಲರ್ ಸವೆದಿದೆ. ಹೊಸದು ತಂದು ಹಾಕಿದ್ರೆ ತಾನಾಗೇ ಬರತ್ತೆ. ಎರಡು ದಿನ ಕೊಡಿ."

"ಹತ್ತು ದಿನ ಕಾದಿದ್ದೀನಿ, ಇನ್ನೆರಡು ಏನು ಮಹಾ," ಎಂದಳು. ನನಗೆ ಕುಡಿಯಲು ನೀರು ಕೊಟ್ಟಳು.

ಮನೆಗೆ ಬಂದವನೇ ಲ್ಯಾಪ್‌ಟಾಪಿನ ಮುಂದೆ ಕೂತೆ. ಹೋದದ್ದನ್ನು ತರಲು ನನ್ನಿಂದಲೂ ಆಗುವುದಿಲ್ಲ. ಇಲ್ಲದ್ದನ್ನು ಹುಟ್ಟಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಗೋಡೆಯ ಹಾಳೆಗಳ ಅಕ್ಷರದ ಅಳತೆ, ಸಾಲಿನ ಅಂತರ, ಅಂಚಿನ ಜಾಗ ಎಲ್ಲ ಕಣ್ಣಳತೆಯಲ್ಲೇ ಹಿಡಿದಿದ್ದೆ. ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಮೊದಲ ಪದ ನನ್ನಲ್ಲಿ ಇದ್ದೇ ಇತ್ತು. ಅಲ್ಲಿಂದ ಮುಂದಕ್ಕೆ ಹೊಳೆ ಹರಿದಂತೆ ಹರಿಯಿತು. ಮಗಳೇ, ಏಳೇಳು ಲೋಕ ಹುಡುಕಿದರೂ ನಿನ್ನಂಥವಳು ಸಿಗುವುದಿಲ್ಲ. ಮಗಳೇ, ಸಹಿ ಹಾಕಿದ ನಿನ್ನ ಕೈಯನ್ನು ನನ್ನ ಕಣ್ಣಿಗೊತ್ತಿಕೊಳ್ಳಬೇಕು. ಮಗಳೇ, ಒಂದು ಕಾಲಲ್ಲ, ನೂರು ಕಾಲಿದ್ದರೂ ನಿನಗಾಗಿ ಕೊಡುತ್ತಿದ್ದೆ. ಬರೆಯುತ್ತ ಬರೆಯುತ್ತ ನನಗೇ ಕಣ್ಣೀರು ಬಂತು. ನಾನು ಅಳುವುದು ಅಪರೂಪ, ಅತ್ತರೆ ಬಕೆಟ್ ಬೇಕು.

ಹೆಂಡತಿ ಹಿಂದಿನಿಂದ ಬಗ್ಗಿ ಓದಿದಳು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದ್ದೆ.

"ಇದನ್ನು ಬರೆದವರಿಗೆ ಹುಷಾರಿಲ್ವಾ?" ಎಂದಳು.

"ಯಾಕೆ?"

"ಯಾವ ಅಪ್ಪ ಹೀಗೆ ಬರೀತಾರೆ ಹೇಳಿ. ನಮ್ಮಪ್ಪ ಜೀವಮಾನದಲ್ಲಿ ನನ್ನನ್ನ ಹೊಗಳಿದ್ದು ಒಂದೇ ಸಲ. 'ಪರವಾಗಿಲ್ಲ' ಅಂದ್ರು. ಅದೂ ಬಾಗಿಲಿಗೆ ಬಣ್ಣ ಬಳಿದವನಿಗೆ ಹೇಳಿದ್ದೋ ಏನೋ, ನಾನು ಪಕ್ಕದಲ್ಲಿ ನಿಂತಿದ್ದೆ."

"ಅವಳಿಗೆ ಸಮಾಧಾನ ಆಗ್ಲಿ ಅಂತ."

"ಅತಿಯಾದ್ರೆ ಅಮೃತವೂ ವಿಷ. ಹೋಗಿ ನಿಜ ಹೇಳ್ರಿ. ಇಲ್ಲಾಂದ್ರೆ ಎರಡು ಸಾಲಲ್ಲಿ ನಿಲ್ಲಿಸಿ. ನಿಮ್ಮ ಕೈಲಿ ಅದೂ ಆಗಲ್ಲ."

ನಾನು ಅವಳ ಮಾತು ಕೇಳಿದ್ದರೆ ಇವತ್ತು ರಾಜನಾಗಿರುತ್ತಿದ್ದೆ ಎಂದು ಅವಳು ಆಗಾಗ ಹೇಳುತ್ತಾಳೆ. ಎರಡು ಸಾಲಲ್ಲಿ ನಿಲ್ಲಿಸಲು ಪ್ರಯತ್ನಪಟ್ಟೆ. ಒಂದು ಪುಟ ಪೂರ್ತಿ ತುಂಬಿತು.

ಎರಡು ದಿನದ ಮೇಲೆ ಮತ್ತೆ ಹೋದೆ. ರೋಲರನ್ನು ಬಿಚ್ಚಿ ಅದನ್ನೇ ಮತ್ತೆ ಕೂರಿಸಿದೆ. ಪರೀಕ್ಷೆ ಮಾಡಬೇಕೆಂದು ನನ್ನ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದೆ. ಅವಳು ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತು ಪ್ರಿಂಟರಿನ ಬಾಯಿಯನ್ನೇ ನೋಡುತ್ತಿದ್ದಳು. ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು, ಯಾರೋ ಬರುವವರಿದ್ದಾರೆ ಎನ್ನುವಂತೆ. ನಾನು ಗುಂಡಿ ಒತ್ತಿದೆ. ಆ ದ್ರೋಹಿ ಯಂತ್ರ, ಹನ್ನೆರಡು ದಿನ ಅವಳನ್ನು ಕಾಡಿಸಿದ್ದು, ನನ್ನ ಸುಳ್ಳನ್ನು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನುಣ್ಣಗೆ ಹೊರಗೆ ಬಿಟ್ಟಿತು.

ಹಾಳೆ ಇನ್ನೂ ಬೆಚ್ಚಗಿತ್ತು. ಅವಳು ಎರಡೂ ಕೈಯಲ್ಲಿ ಹಿಡಿದು ನಿಂತೇ ಓದಿದಳು. ಮೊದಲ ಸಾಲಿಗೆ ಅವಳ ತುಟಿ ನಡುಗಿತು. ನಾನು ಉಸಿರು ಬಿಟ್ಟೆ. ಮೂರನೆಯ ಸಾಲಿಗೆ ತುಟಿ ನಿಂತಿತು. ಪುಟದ ನಡುವಿಗೆ ಬರುವಷ್ಟರಲ್ಲಿ ಮುಖ ಕಲ್ಲಾಗಿತ್ತು. ಆದರೂ ಕೊನೆಯ ತನಕ ಓದಿದಳು.

"ನಮ್ಮಪ್ಪ ಅಂಗಿಗೆ ಒಂದು ಗುಂಡಿ ಹೆಚ್ಚಿಗೆ ಹಾಕಿದವರಲ್ಲ," ಎಂದಳು. "ಇದರಲ್ಲಿ ಬರೀ ಗುಂಡಿ. ಬಟ್ಟೆಯೇ ಕಾಣಿಸ್ತಿಲ್ಲ."

ನಾನು ಲ್ಯಾಪ್‌ಟಾಪಿನ ತಂತಿ ಬಿಚ್ಚತೊಡಗಿದೆ.

"ಯಾವಾಗ ಆರಿಸಿದ್ರಿ?"

ಅಷ್ಟು ಸುಳ್ಳು ನನ್ನ ಬಾಯಲ್ಲಿ ಸಾಲುಗಟ್ಟಿ ನಿಂತಿತ್ತು, ಒಂದೂ ಮುಂದೆ ಬರಲಿಲ್ಲ. "ನೀವು ಟಾರ್ಚ್ ತರೋಕೆ ಹೋದಾಗ," ಎಂದೆ. "ಬೇಕೂಂತ ಅಲ್ಲ ಅಕ್ಕಾ. ಕೈ ತಪ್ಪಿ."

ಅವಳು ಬೈಯಲಿಲ್ಲ. ಬೈದಿದ್ದರೆ ಒಂದು ದಾರಿಯಾದರೂ ಸಿಗುತ್ತಿತ್ತು. ನಾನು ಚೀಲದಿಂದ ಆ ಸುಕ್ಕಾದ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟೆ. ಸಿಕ್ಕಿಕೊಂಡಿದ್ದದ್ದು ಇದೇ, ಒಂದು ಸಾಲಿತ್ತು, ನನ್ನ ಬೆರಳು ಒರೆಸಿತು, ಆದರೆ ಅದಕ್ಕೂ ಮೊದಲು ಒಂದು ಪದ ನೋಡಿದ್ದೆ ಎಂದು ಹೇಳಿದೆ.

"ಏನು ಪದ?"

"ಮಗಳೇ ಅಂತ ಇತ್ತು."

ಅವಳು ಬೆಚ್ಚಗಿನ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿದಳು.

"ಇದರಲ್ಲಿ ಒಂಬತ್ತು ಸಲ ಇದೆ," ಎಂದಳು. "ಒಂಬತ್ತೂ ನಿಮ್ದೇ. ಹತ್ತನೇದು ಅವರದು ಅಂತ ಹೇಗೆ ನಂಬಲಿ?"

"ಆಣೆ ಮಾಡ್ತೀನಿ. ನಿಜವಾಗ್ಲೂ ಇತ್ತು. ಇಷ್ಟೂ ಸುಳ್ಳು ಹುಟ್ಟಿದ್ದೇ ಆ ಒಂದು ನಿಜದಿಂದ."

ಹೇಳುತ್ತಿದ್ದಾಗಲೇ ನನ್ನ ದನಿ ನನಗೆ ಕೇಳಿಸಿತು. ವಿಮಾ ಕಚೇರಿಯ ಕಥೆ ಹೇಳುವಾಗ ಇರುವ ದನಿಯೇ ಅದು. ಬೇರೆ ದನಿ ನನ್ನ ಹತ್ತಿರ ಇರಲಿಲ್ಲ. ಎಲ್ಲಿಂದ ತರಲಿ? ಮೇಜಿನ ಮೇಲಿದ್ದ ಕತ್ತರಿಯನ್ನು, ಗೋಡೆಯನ್ನು, ನನ್ನ ಕಾಲನ್ನು ನೋಡಿದೆ. ಅವಳು ಸುಕ್ಕಾದ ಹಾಳೆಯನ್ನು ಕಿಟಕಿಯ ಬಳಿಗೆ ಒಯ್ದು ಬೆಳಕಿಗೆ ಹಿಡಿದಳು. ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು. ಮಬ್ಬಿನೊಳಗೆ ಅಕ್ಷರದ ಒಂದು ಕೊಂಬು, ಒಂದು ಬಾಲ ಇದ್ದಂತೆ ನನಗೂ ಕಂಡಿತು.

"ಎಲ್ಲಿತ್ತು?" ಎಂದಳು. "ಸರಿಯಾಗಿ ತೋರ್ಸಿ."

ನಾನು ಹತ್ತಿರ ಹೋದೆ. ತಪ್ಪಾಗಬಾರದೆಂದು ತುಂಬ ಹೊತ್ತು ನೋಡಿ, "ಇಲ್ಲಿ" ಎಂದು ಬೆರಳಿಟ್ಟೆ. ಬೆರಳು ತೆಗೆದಾಗ ಆ ಜಾಗ ಬಿಳಿಯಾಗಿತ್ತು.