ಅಬ್ರೆಫಿಯ ಹೆಸರಲ್ಲಿ ಹೋದ ಆಜ್ಞೆ

ಮಾಂಪೊಂಗ್ ಎಂಬ ಊರಿನಲ್ಲಿ ಯಾರು ಸತ್ತರೂ ಮೊದಲು ಹೇಳಿ ಕಳಿಸುತ್ತಿದ್ದುದು, ಎಲ್ಲರೂ ಮಾಮೆ, ಅಂದರೆ ಅಮ್ಮ, ಎಂದು ಕರೆಯುವ ದುಫಿಯೆಗೆ. ಹೆಣದ ತಲೆದೆಸೆಯಲ್ಲಿ ನಿಂತು ಆಕೆ ಹಾಡಿಕೊಂಡು ಅತ್ತರೆ ಸತ್ತವರ ತಾಯಿ, ಅಜ್ಜಿ, ಮುತ್ತಜ್ಜಿ, ಅವರಿಗೂ ಹಿಂದಿನವರು, ಎಲ್ಲರ ಹೆಸರೂ ಸಾಲಾಗಿ ಬರುತ್ತಿದ್ದವು. ಹೆಸರು ಕೂಗಿದರೆ ಹಿರಿಯರು ಎದುರು ಬಂದು ಕರೆದುಕೊಳ್ಳುತ್ತಾರೆ, ಇಲ್ಲದಿದ್ದರೆ ಸತ್ತವರು ದಾರಿಯಲ್ಲೇ ನಿಲ್ಲುತ್ತಾರೆ ಎನ್ನುವಳು.

ಹಾಳು ವಿಧಿ, ಆ ಗಂಟಲಿಗೇ ಕ್ಯಾನ್ಸರ್ ಹುಣ್ಣು ತಂದಿತು. ಕೊಯ್ದ ಮೇಲೆ ದನಿ ಇರುವುದಿಲ್ಲ ಎಂದರು ಕುಮಾಸಿ ಪಟ್ಟಣದ ವೈದ್ಯರು. ಆಸ್ಪತ್ರೆಗೆ ಹೋಗುವ ಮುಂಚೆ ದುಫಿಯೆ ತನ್ನ ತಂಗಿಯ ಮಗಳು, ಶಾಲೆಯ ಟೀಚರ್ ಅಬ್ರೆಫಿಯನ್ನು ಕರೆದಳು.

"ಊರೋರಿಗೆಲ್ಲ ನಾನು ಅತ್ತಿದ್ದಾಯ್ತು. ನಂಗೆ ಅಳೋರು ಯಾರೇ? ನಿನ್ನ ರಾಗ ಕೇಳಿದ್ರೆ ಹೆಣ ಎದ್ದು ಓಡುತ್ತೆ. ಫೋನ್ ಹಿಡಿ, ನನ್ನ ಅಳು ನಾನೇ ಅತ್ತುಬಿಡ್ತೀನಿ."

ಹಾಗೆ ತನ್ನ ಸಾವಿಗೆ ತಾನೇ ಅತ್ತಳು. ಊರಿನ ಅಳುಹಾಡುಗಳಿಗೆಂದೇ ಒಂದು ವೆಬ್‌ಸೈಟ್ ಇತ್ತು. ಕುಮಾಸಿಯ ಕಂಪ್ಯೂಟರ್ ಹುಡುಗ ಅಸೊಮನಿ ಕಟ್ಟಿಕೊಟ್ಟದ್ದು, ನೋಡಿಕೊಳ್ಳುವವಳು ಅಬ್ರೆಫಿ. ಹಾಡನ್ನು ಅಲ್ಲಿ ಏರಿಸಿ, ಜಾಗ ಸಾಲದೆ ಫೋನಿನಿಂದ ಅಳಿಸಿದಳು.

ಅಡ್ಮಿನ್ ಪುಟಕ್ಕೆ ಒಮ್ಮೆ ಹೊಕ್ಕವಳು ಹೊರಬರುವ ಅಭ್ಯಾಸವೇ ಅಬ್ರೆಫಿಗಿರಲಿಲ್ಲ. ಮತ್ತೆ ಒಳಹೋಗಲು ಫೋನಿಗೆ ಬರಬೇಕಾದ ಸಂಖ್ಯೆ, ಸಿಗ್ನಲ್ ಸಿಗದೆ ಅರ್ಧ ದಿನ ಬರುತ್ತಿರಲಿಲ್ಲ. "ಕೆಲಸ ಮುಗಿದ್ಮೇಲೆ ಲಾಗ್‌ಔಟ್ ಮಾಡಕ್ಕಾ" ಎಂದು ಅಸೊಮನಿ ಹೇಳಿದರೆ, "ನಮ್ಮನೆಗೆ ನಾನೇ ಬೀಗ ಹಾಕಿ ಬೀದೀಲಿ ಕೂತ್ಕೊಳ್ಲಾ?" ಎಂದು ನಕ್ಕಿದ್ದಳು.

ಒಂದು ಮಧ್ಯಾಹ್ನ ಸಾವಿನ ಪೋಸ್ಟರಿನ ಲಿಂಕ್ ಬಂತು. ಸತ್ತವನದು ಗುರುತಿಲ್ಲದ ಹೆಸರು. ಆದರೆ ಅಲ್ಲಿ ಸಾವಿನ ಪೋಸ್ಟರನ್ನು ತೆರೆಯದೆ ಬಿಡುವವರುಂಟೇ? ನಾಳೆ ಯಾರೋ ನೆಂಟರು ಎದುರು ಸಿಕ್ಕು, "ನಮ್ಮಜ್ಜನ ಮುಖವನ್ನೂ ನೋಡ್ಲಿಲ್ವಾ?" ಎಂದರೆ ತಲೆ ಎಲ್ಲಿಡುವುದು? ತೆರೆದಳು. ಕಪ್ಪು ಕೆಂಪು ಬಟ್ಟೆಯ ಮುದುಕನೊಬ್ಬನ ಚಿತ್ರ. "ದುಯೆ, ದುಯೆ" ಎಂದು ಮರುಗಿ ಮುಚ್ಚಿದಳು. ಪಕ್ಕದಲ್ಲೇ ತೆರೆದಿದ್ದ ತನ್ನ ಸೈಟಿಗೆ ಮರಳಿದರೆ ಅಲ್ಲಿ ಒಂದು ಹಾಡೂ ಇರಲಿಲ್ಲ.

ಮರುದಿನವೇ ಅಸೊಮನಿ ಓಡಿಬಂದ. ಕುಟುಂಬದ ಯಜಮಾನ, ಸೋದರಮಾವ ವೋಫಾ ಬಾದು ಎದುರಿಗೇ ಕೂತಿದ್ದ.

"ಅಳಿಸಿದ್ದು ಅಬ್ರೆಫಿ ಅಂತಲೇ ತೋರಿಸ್ತಿದೆ" ಎಂದ ಅಸೊಮನಿ.

"ಅಯ್ಯೋ, ನಾನ್ಯಾಕೆ ಅಳಿಸ್ಲಿ!"

"ನೀನಲ್ಲಕ್ಕಾ. ಆ ಪೋಸ್ಟರ್ ಪುಟದಲ್ಲಿ 'ಎಲ್ಲಾ ಅಳಿಸು' ಅನ್ನೋ ಆಜ್ಞೆ ಬಚ್ಚಿಟ್ಟಿದ್ರು. ಇಂಥ ಸೈಟು ಇರೋರಿಗೆಲ್ಲ ಕಳಿಸಿರ್ತಾರೆ, ಹಾಳುಮಾಡೋದೇ ಅವರಿಗೆ ಆಟ. ನೀನು ತೆರೆದ ಕೂಡ್ಲೇ ನಿನ್ನ ಬ್ರೌಸರೇ ಅದನ್ನ ನಮ್ಮ ಸೈಟಿಗೆ ಕೊಟ್ಟಿದೆ. ನೀನು ಲಾಗಿನ್ ಆಗೇ ಇದ್ಯಲ್ಲ, ಬಂದಿದ್ದು ಯಾರಿಂದ ಅಂತ ಸೈಟು ನೋಡ್ತು, ಅಬ್ರೆಫಿ ಅಂತು, ಮಾಡ್ಬಿಡ್ತು. ಅವಳು ನಿಜವಾಗ್ಲೂ ಹೇಳಿದ್ಲಾ ಅಂತ ಕೇಳ್ಲಿಲ್ಲ."

ವೋಫಾ ಬಾದುಗೆ ರೇಗಿತು. "ದೊರೆ ಮಾತು ಕೋಲು ಹಿಡಿದ ವಕ್ತಾರನ ಬಾಯಿಂದ ಬಂದ್ರೇನೇ ದೊರೆ ಮಾತು. ಕೂಸಿಗೂ ಗೊತ್ತು. ನಿನ್ನ ಸೈಟಲ್ಲಿ ಆ ಕೋಲು ಹಿಡಿಯೋನೇ ಇರ್ಲಿಲ್ವೇನೋ?"

"ಇರ್ಬೇಕಿತ್ತು ವೋಫಾ. ನಮ್ಮ ಪುಟದಿಂದ ಹೊರಡೋ ಪ್ರತಿ ಆಜ್ಞೆಗೂ ಒಂದು ಗುಟ್ಟಿನ ಗುರುತು ಕಟ್ಟಿ ಕಳಿಸ್ಬೇಕು. ಹೊರಗಿನೋರಿಗೆ ಅದು ಸಿಗಲ್ಲ. ಅಳೋ ಸೈಟಿನ ತಂಟೆಗೆ ಯಾರು ಬರ್ತಾರೆ ಅಂತ ಬಿಟ್ಟೆ." ಇಟ್ಟಿದ್ದ ಇನ್ನೊಂದು ಪ್ರತಿಯೂ ಅದೇ ಸೈಟಿನಲ್ಲಿತ್ತು, ಅದೂ ಹೋಗಿತ್ತು. ಅಸೊಮನಿ ತಲೆ ತಗ್ಗಿಸಿ ಕೂತ. ಬೈದು ಏನು ಬಂತು?

ಗಂಟಲು ಕೊಯ್ಸಿಕೊಂಡು ಮನೆಗೆ ಬಂದರೂ ದುಫಿಯೆಯ ಹುಣ್ಣು ಒಳಗೆಲ್ಲ ಹಬ್ಬಿತ್ತು. ದಿನಾ ಬೆಳಗಾದರೆ ಕಿವಿಗೆ ಕೈಯಿಟ್ಟು ಸನ್ನೆ ಮಾಡುವಳು: ನನ್ನ ಹಾಡು ಹಾಕೇ. "ನೆಟ್ ಇಲ್ಲ ಮಾಮೆ" ಎನ್ನುವಳು ಅಬ್ರೆಫಿ. ಮರುದಿನವೂ ಅದೇ ಮಾತು. ಸಾಯುವ ಮುದುಕಿಗೆ ಈ ಸುದ್ದಿ ಯಾಕೆ, ನೆಮ್ಮದಿಯಾಗಿ ಹೋಗಲಿ ಎಂದುಕೊಂಡಳು. ಕರುಣೆ ಎಂದು ತನಗೆ ತಾನೇ ಹೇಳಿಕೊಂಡದ್ದರಲ್ಲಿ ಮುಕ್ಕಾಲು ಪಾಲು ಹೆದರಿಕೆಯಿತ್ತು. ಸೈಟಿನ ಹಾಳು ಸುದ್ದಿ ದುಫಿಯೆಯ ಕಿವಿಗೆ ಬೀಳದಂತೆ ಮನೆಯವರನ್ನೂ ಬೇಡಿಕೊಂಡಿದ್ದಳು. ಬರಬರುತ್ತಾ ದುಫಿಯೆ ಸನ್ನೆ ಮಾಡುವುದನ್ನು ಬಿಟ್ಟಳು. ಹಾಡು ಹೇಗೂ ಇದೆಯಲ್ಲ ಎಂಬ ಧೈರ್ಯದಲ್ಲೇ ಕಣ್ಣು ಮುಚ್ಚಿದಳು.

ಹೆಣದ ಸುತ್ತ ಹೆಂಗಸರು ಸೇರಿದರು. ಒಂದೊಂದು ಹೆಸರಿಗೂ ಓಗೊಡುವುದು ಅವರ ಪಾಲು. ಅಬ್ರೆಫಿ ತನ್ನ ಒಡಕು ದನಿಯಲ್ಲೇ ಎತ್ತಿದಳು. ದುಫಿಯೆಯ ತಾಯಿ ಅಗ್ಯೆಯಿವಾಳನ್ನು ಕೂಗಿದಳು, ಹೆಂಗಸರು ಓಗೊಟ್ಟರು. ಅಜ್ಜಿ ತಿವಾಳನ್ನು ಕೂಗಿದಳು, ಓಗೊಟ್ಟರು. ಆಮೇಲೆ ಹಾಡು ನಿಂತಿತು.

"ಮುಂದೆ?" ಎಂದ ವೋಫಾ ಬಾದು, ಮೆಲ್ಲಗೆ.

"ಗೊತ್ತಿಲ್ಲ ವೋಫಾ. ನಿಮಗೆ?"

ಅವನೂ ಇಲ್ಲವೆಂದು ತಲೆಯಾಡಿಸಿದ. ಆಗ ಅಬ್ರೆಫಿಗೆ ಹೊಳೆಯಿತು. ದುಫಿಯೆಗೆ ಹೋದದ್ದು ದನಿ ಮಾತ್ರ, ತುಟಿ ಕಡೆಯವರೆಗೂ ಆಡುತ್ತಿತ್ತು. ಹಾಡು ಹೋಯಿತು ಮಾಮೆ, ಹೆಸರು ಹೇಳು ಎಂದು ಒಂದು ದಿನ ಬಾಯಿಬಿಟ್ಟಿದ್ದರೆ, ಆ ತುಟಿ ನೋಡಿ ಒಂದೊಂದನ್ನೂ ಬರೆದುಕೊಳ್ಳಬಹುದಿತ್ತು. ಅವಳು ಹೆಣದ ಕಾಲ ಬುಡದಲ್ಲಿ ಕುಸಿದು, ರಾಗವೂ ಇಲ್ಲದೆ ಮಾತೂ ಇಲ್ಲದೆ ಅತ್ತಳು.

ಓಗೊಡಲು ಹೆಂಗಸರು ಬಹಳ ಹೊತ್ತು ಕಾದರು. ಊರಿನ ಅಷ್ಟೂ ಹೆಣಗಳಿಗೆ ಹಿರಿಯರನ್ನು ಕರೆಸಿದವಳನ್ನು ಎರಡೇ ಹೆಸರು ಕೂಗಿ ಮಣ್ಣು ಮಾಡಿದರು.