ಧನರಾಜ್ ಶೆಟ್ಟರ ಪಿಕಪ್ ಎದ್ದು ನಿಂತದ್ದು

ಚೆಂಬೂರಿನಲ್ಲಿ ಧನರಾಜ್ ಶೆಟ್ಟರು ಸಾಂಬಾರಿಗೆ ಒಗ್ಗರಣೆ ಹಾಕಿದರೆ, ಪನ್ವೇಲಿಗೆ ಟಿಕೆಟ್ ತೆಗೆದವರೆಲ್ಲ ಮೂಗು ಹಿಡಿದು ಎಳೆದಂತೆ ಚೆಂಬೂರಿನಲ್ಲೇ ಇಳಿದುಬಿಡುತ್ತಿದ್ದರು. ಲೋಕಲ್ ಖಾಲಿಯಾಗಿ ಮುಂದೆ ಹೋಗುತ್ತಿತ್ತು. ನಂಬದವರು ಸ್ಟೇಷನ್ನಿನ ಕಾಗೆಗಳನ್ನು ಕೇಳಬಹುದು. ಮುಂಬಯಿಯ ಮಿಕ್ಕ ಕಾಗೆಗಳೆಲ್ಲ ಕಡ್ಡಿಯ ಹಾಗಿದ್ದರೆ ಅವು ಮಾತ್ರ ಕೋಳಿಯಷ್ಟು ದಪ್ಪ.

ಇಂಥ ಶೆಟ್ಟರ ಮರ್ಯಾದೆ ಕಳೆದ ಮಳೆಗಾಲದಲ್ಲಿ ಕುರ್ಲಾದ ನೀರಿನಲ್ಲಿ ತೇಲಿಹೋಗಿತ್ತು.

ಮದುವೆಯೊಂದರ ಊಟ ಹೊತ್ತ ಅವರ ಪಿಕಪ್ ನಡುನೀರಿನಲ್ಲಿ ಗುಳುಗುಳು ಎಂದು ನಿಂತುಬಿಟ್ಟಿತು. ಎಂಜಿನ್ ನೀರು ಕುಡಿದಿತ್ತು. ಇಡ್ಲಿಗಳು ಒಂದರ ಹಿಂದೊಂದು ಮೆರವಣಿಗೆ ಹೊರಟು ಮಿಠಿ ನದಿ ಸೇರಿದವು. ಅಲ್ಲಿನ ಮೀನುಗಳು ಆಮೇಲೆ ಚಟ್ನಿಗಾಗಿ ದಡಕ್ಕೆ ಬಂದು ಕಾಯುತ್ತಿದ್ದವಂತೆ. ಅತ್ತ ಮದುವೆ ಹಾಲ್‌ನಲ್ಲಿ ಹಸಿದ ದಿಬ್ಬಣಕ್ಕೆ ಪಕ್ಕದ ರಸ್ತೆಯ ಹಿತೇಶ್ ಭಾಯಿ ಎಂಬ ಗುಜರಾತಿ ಕೇಟರರ್ ಢೋಕ್ಲಾ ಬಡಿಸಿ ಹೆಸರು ಮಾಡಿಕೊಂಡ. ಅಂದಿನಿಂದ ಶೆಟ್ಟರನ್ನು ಕಂಡರೆ ಜನ, "ಶೆಟ್ರೇ, ಇವತ್ತು ಊಟ ರಸ್ತೆಯಲ್ಲಿಯಾ, ದೋಣಿಯಲ್ಲಿಯಾ?" ಎನ್ನತೊಡಗಿದರು.

ಅದನ್ನೆಲ್ಲ ಶೆಟ್ಟರು ನುಂಗಿಕೊಂಡಾರು. ಆದರೆ ಈ ವರ್ಷ ಮಗಳು ಯಕ್ಷಿತಾಳ ಮದುವೆ. ಹುಡುಗ ಗ್ರಾಂಟ್ ರೋಡಿನ ಹೋಟೆಲಿನವರ ಮಗ ಅಕ್ಷಯ. ಶುಭಕಾರ್ಯ ಕೂಡದ ಆಟಿ ತಿಂಗಳು ಕಳೆದು ಸೋಣ ಹುಟ್ಟಿದ ಕೂಡಲೇ ಮುಹೂರ್ತ, ಮಳೆಯ ನಡುವೆಯೇ. ಮದುವೆ ಹಾಲ್ ಸಿಕ್ಕಿದ್ದು ಎಲ್ಲಿ? ಅದೇ ಕುರ್ಲಾದಲ್ಲಿ.

"ಊಟದ ವಿಷಯ ಹಿತೇಶನಿಗೆ ಹೇಳಿದ್ದೇನೆ" ಎಂದಳು ಹೆಂಡತಿ ಶೀಲಾವತಿ, ತೆಂಗಿನಕಾಯಿ ಒಡೆದಷ್ಟು ಸಲೀಸಾಗಿ.

ಶೆಟ್ಟರ ಕೈಯಿಂದ ಸೌಟು ಬಿತ್ತು. "ಎಂತ? ನನ್ನ ಮಗಳ ಮದುವೆಗೆ ಢೋಕ್ಲಾವಾ?"

"ಮತ್ತೆ? ಬೀಗರ ಎದುರು ಬಾಳೆಎಲೆ ಹಾಸಿ, ಎಲೆಯನ್ನೇ ತಿನ್ನಿ ಅಂತ ಹೇಳ್ಲಿಕ್ಕೆ ಉಂಟಾ ಮಾರಾಯ್ರೇ? ನಿಮ್ಮ ಗಾಡಿ ಮೋಡ ಕಂಡರೆ ಕೂತುಕೊಳ್ತದೆ."

"ಪಪ್ಪಾ, ಟೆನ್ಶನ್ ಮತ್ ಲೋ" ಎಂದಳು ಯಕ್ಷಿತಾ. "ನನಗೆ ನಿಮ್ಮ ಸಾಂಬಾರೇ ಬೇಕು. ಬಟ್... ಮಮ್ಮಿ ಕೂಡಾ ಕರೆಕ್ಟ್ ಹೇಳ್ತದೆ ನಾ?"

ಕೊನೆಗೆ ಶೀಲಾವತಿ ಒಂದು ಮೆಟ್ಟಿಲು ಇಳಿದಳು. ಹಿತೇಶ್ ಡಬ್ಬಿ ಕಟ್ಟಿಕೊಂಡು ಮದುವೆ ಹಾಲ್‌ನಲ್ಲಿ ಕಾಯುವುದು. ಧಾರೆ ಎರೆಯುವುದರೊಳಗೆ ಶೆಟ್ಟರ ಸಾಂಬಾರು ಬಂದರೆ ಶೆಟ್ಟರ ಊಟ, ಬಾರದಿದ್ದರೆ ಢೋಕ್ಲಾ. ಬರುವುದೂ ಹೇಗೆ? ಒಂದು ಹನಿ ಚೆಲ್ಲದೆ. ಏಕೆಂದರೆ ಮದುವೆಗೆ ಹೋಗುವ ಕೊಪ್ಪರಿಗೆ ಕಂಠಮಟ್ಟ ತುಂಬಿರಬೇಕು, ಕೊರತೆಯಾದ ಪಾತ್ರೆ ಮದುವೆ ಮನೆಯ ಹೊಸ್ತಿಲು ದಾಟಬಾರದು ಎಂಬುದು ಶೆಟ್ಟರ ತಂದೆ ಹಾಕಿಟ್ಟ ಕಟ್ಟಳೆ. ಆ ಕಟ್ಟಳೆಯನ್ನು ಮಾವನಿಗಿಂತ ಬಿಗಿಯಾಗಿ ಹಿಡಿದವಳು ಸೊಸೆ ಶೀಲಾವತಿ.

ಮರುದಿನವೇ ಶೆಟ್ಟರು ಪಿಕಪ್ ಹತ್ತಿ ಕುರ್ಲಾದ ಮೌಲಾಲಿಯ ಗ್ಯಾರೇಜಿಗೆ ಹೋದರು. ವಿಜಾಪುರದ ಕಡೆಯ ಮೌಲಾಲಿ ಮಾತಿನಲ್ಲಿ ಶೆಟ್ಟರಿಗೆ ಅಣ್ಣ. ಶೆಟ್ಟರು ಹುಲಿ ನೋಡಿದೆ ಎಂದರೆ ಅವನು ಅದರ ಪಂಕ್ಚರ್ ತೆಗೆದೆ ಎನ್ನುವವನು.

"ಮೌಲಾಲಿ ಭಾಯಿ, ಇದನ್ನು ಎತ್ತರ ಮಾಡಬೇಕು. ಕುರ್ಲಾದ ನೀರು ನೋಡಿ ನಾಚಬೇಕು, ಅಷ್ಟು."

"ಅಷ್ಟ ಏನ್ರೀ ಶೆಟ್ರ! ಡಬಲ್ ಡೆಕ್ಕರ್ ಬಸ್ಸಿನ್ಯಾಗ ಮ್ಯಾಲ ಕುಂತವ್ರಿಗೆ ನೀವು ಬಗ್ಗಿ ನಮಸ್ಕಾರ ಮಾಡಬೇಕು, ಹಂಗ ಎತ್ತತೀನಿ" ಎಂದ ಮೌಲಾಲಿ. ಆಮೇಲೆ ದನಿ ತಗ್ಗಿಸಿ, "ಆದ್ರ ಭಾಳ ಮ್ಯಾಲ ಹೋದ್ರ ಆರ್‌ಟಿಓದವ್ರು ವಿಮಾನದ ಲೈಸನ್ಸ್ ಕೇಳ್ತಾರ. ಒಂದು ಮೊಳದ ಒಳಗ ಇಟ್ಕೊಳ್ಳೋಣು" ಎಂದು ಸೇರಿಸಿದ.

ಶೆಟ್ಟರು ಬರಿಗೈಯಲ್ಲಿ ಬಂದಿರಲಿಲ್ಲ. ಪಿಕಪ್ಪಿನ ಹಿಂದೆ ಕಂಠಮಟ್ಟ ತುಂಬಿದ ಸಾಂಬಾರಿನ ಪಾತ್ರೆಯಿತ್ತು. "ನಿಮ್ಮ ಮಾತು ನನಗೆ ಬೇಡ. ಬಿಡಿಭಾಗ ಯಾವುದು ಒಳ್ಳೆಯದು ಅಂತ ಸಾಂಬಾರೇ ಹೇಳ್ತದೆ" ಎಂದರು.

ಮೊದಲು ಹಿಂದಿನ ಚಕ್ರಗಳ ಸ್ಪ್ರಿಂಗಿನ ಕಮಾನು ಪಟ್ಟಿಗಳಿಗೆ ಇನ್ನೊಂದು ಪಟ್ಟಿ ಸೇರಿಸಿದರು. ಗಾಡಿ ಎದ್ದಿತು, ಜೊತೆಗೆ ಕಲ್ಲಿನಂತೆ ಬಿಗಿಯಿತು. ಮೊದಲ ಗುಂಡಿಗೇ ಒಂದು ನುಗ್ಗೆಕೋಡು ಪಾತ್ರೆಯಿಂದ ಹಾರಿ ಎದುರಿನ ಚಾಳಿನ ಎರಡನೇ ಮಾಳಿಗೆಯಲ್ಲಿ ಒಣಹಾಕಿದ್ದ ಬನಿಯನ್ನಿನ ಜೇಬಿಗೆ ಬಿತ್ತು. ಬನಿಯನ್ನಿಗೆ ಜೇಬು ಎಲ್ಲಿಂದ ಎಂದು ಕೇಳಬಾರದು, ಬಿದ್ದದ್ದು ನಿಜ.

"ಪಟ್ಟಿ ತೆಗೀರಿ" ಎಂದರು ಶೆಟ್ಟರು.

ಹೆಚ್ಚಿನ ಪಟ್ಟಿ ತೆಗೆದು, ಅಚ್ಚಿಗೂ ಪಟ್ಟಿಗಳಿಗೂ ನಡುವೆ ಕಬ್ಬಿಣದ ದಪ್ಪ ಬ್ಲಾಕ್ ಇಟ್ಟು ಉದ್ದದ ಬೋಲ್ಟ್ ಬಿಗಿದರು. ಈಗ ಗಾಡಿ ಎದ್ದೂ ಇತ್ತು, ಪಟ್ಟಿಗಳು ಮೊದಲಿನಷ್ಟೇ ಮೆತ್ತಗೂ ಇದ್ದವು. "ಹಿಂದ ಎದ್ದು ಮುಂದ ಬಗ್ಗಿದ್ರ ನಮಾಜಿಗೆ ಕುಂತ ಒಂಟೆ ಕಂಡಂಗ ಕಾಣ್ತದ" ಎಂದು ಮೌಲಾಲಿ ಮುಂದಿನ ಸ್ಪ್ರಿಂಗಿನ ಮೇಲೂ ದಪ್ಪ ಬಿಲ್ಲೆ ಕೂರಿಸಿ, ಶಾಕ್ ಅಬ್ಸಾರ್ಬರ್ ಮತ್ತು ಬ್ರೇಕಿನ ಪೈಪು ಉದ್ದದ್ದು ಹಾಕಿದ. ಸಾಂಬಾರು ಕೊಂಚ ತೂಗಿತು, ಚೆಲ್ಲಲಿಲ್ಲ.

ಉಳಿದದ್ದು ಟಯರು. ಶೆಟ್ಟರ ಕಣ್ಣು ಬಿದ್ದದ್ದು ಗ್ಯಾರೇಜಿನ ಮೂಲೆಯಲ್ಲಿದ್ದ ದೈತ್ಯ ಟಯರುಗಳ ಮೇಲೆ. ಒಂದೊಂದು ಹಲ್ಲೂ ರುಬ್ಬುವ ಕಲ್ಲಿನಷ್ಟಿತ್ತು. ಹಾಕಿ ಸ್ಟೇರಿಂಗ್ ತಿರುಗಿಸಿದರೆ ಮಡ್‌ಗಾರ್ಡಿಗೆ ತಾಗಿ, ಹಿಡಿದ ಹಂದಿಯಂತೆ ಚೀರಿದವು. ಡಾಂಬರಿನ ಮೇಲೆ ಓಡಿಸಿದರೆ ಇನ್ನೂ ಮಜಾ. ಅವುಗಳ ಗುಂಯ್‌ಗುಡುವಿಕೆಗೆ ಸಾಂಬಾರಿನಲ್ಲಿ ಅಲೆಯೆದ್ದು ಬದನೆಕಾಯಿಗಳು ಗರಬಾ ಕುಣಿದವು.

"ಗರಬಾ ಹಿತೇಶನ ಊಟದಲ್ಲಿ ಕುಣೀಲಿ, ನನ್ನದರಲ್ಲಿ ಬೇಡ" ಎಂದ ಶೆಟ್ಟರು ಒಂದು ಸೈಜು ಕೆಳಗಿನದ್ದನ್ನು, ಹಲ್ಲು ಒತ್ತಾಗಿದ್ದದ್ದನ್ನು ಆರಿಸಿದರು. ನೀರಿಗೂ ಆದೀತು, ರಸ್ತೆಗೂ ಆದೀತು. ಪಿಕಪ್ ಸುತ್ತು ಹೊಡೆದು ಬಂದಾಗ ಪಾತ್ರೆಯ ಅಂಚಿನಲ್ಲಿ ಸಾಂಬಾರು ಕನ್ನಡಿಯಂತೆ ನಿಂತಿತ್ತು. ಅದರಲ್ಲಿ ಮುಖ ನೋಡಿಕೊಂಡು ಮೌಲಾಲಿ ಮೀಸೆ ತಿರುವಿದ.

ಶೆಟ್ಟರು ಚೆಂಬೂರಿಗೆ ಮರಳಿದ್ದು ಅಂಬಾರಿಯ ಮೇಲೆ. ಎತ್ತರದ ಸೀಟಿನಿಂದ ನೋಡಿದರೆ ರಿಕ್ಷಾಗಳು ಇರುವೆಗಳು, ಬೈಕಿನವರು ಸಾಸಿವೆ ಕಾಳು. ಅಡುಗೆಮನೆಯ ಎದುರು ಬ್ರೇಕ್ ಹಾಕಿ, "ಶೀಲಾವತೀ, ಬಂದು ನೋಡು!" ಎಂದು ಕೂಗಿದರು.

ಶೀಲಾವತಿ ಹೊರಗೆ ಬಂದಳು. ಗಾಡಿ ನೋಡಿದಳು. ಆಮೇಲೆ ಅಡುಗೆಮನೆಯ ಜಗಲಿ ನೋಡಿದಳು. ಇನ್ನೊಮ್ಮೆ ಗಾಡಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಆ ನಗೆಗೆ ಇಡೀ ಗಲ್ಲಿಯ ಕಿಟಕಿಗಳು ತೆರೆದವು.

ಶೆಟ್ಟರಿಗೆ ಅರ್ಥವಾದದ್ದು ಆಗ. ಅವರ ಅಡುಗೆಮನೆಯಲ್ಲಿ ಕೊಪ್ಪರಿಗೆಯನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಬೇಕೆಂದರೆ ಐರಾವತವೇ ಬರಬೇಕು. ಅಪ್ಪ ಕಟ್ಟಿಸಿದ್ದ ಜಗಲಿಯೂ ಪಿಕಪ್ಪಿನ ಹಲಗೆಯೂ ಸರಿಸಮ. ಗಾಡಿಯನ್ನು ಜಗಲಿಗೆ ಒತ್ತಿ ನಿಲ್ಲಿಸಿ, ಪಕ್ಕದ ಬಾಗಿಲು ಇಳಿಸಿ, ಒದ್ದೆ ಬಾಳೆದಿಂಡಿನ ಸಿಪ್ಪೆ ಹಾಸಿ ನೂಕಿದರೆ ಕೊಪ್ಪರಿಗೆ ಮದುಮಗಳಂತೆ ಜಾರಿ ಗಾಡಿಯೊಳಗೆ ಕೂರುತ್ತಿತ್ತು. ಈಗ ಗಾಡಿಯ ಹಲಗೆ ಜಗಲಿಗಿಂತ ಮುಕ್ಕಾಲು ಮೊಳ ಮೇಲೆ.

"ಸಾಂಬಾರು ಸ್ಪ್ರಿಂಗಿನ ಬಗ್ಗೆ ಹೇಳಿತು, ಜಗಲಿ ಬಗ್ಗೆ ಹೇಳಲಿಲ್ಲವಾ?" ಎಂದಳು ಶೀಲಾವತಿ.

ಶೆಟ್ಟರು ಸೋಲೊಪ್ಪುವವರೇ? ಬೇರೊಂದು ಮರದ ಹಲಗೆಯನ್ನು ಇಳಿಜಾರಾಗಿ ಇಟ್ಟು ಅದರ ಮೇಲೆ ಪಾತ್ರೆ ನೂಕಿಸಿದರು. ಕಂಠಮಟ್ಟ ತುಂಬಿದ ಪಾತ್ರೆ ವಾಲಿದರೆ ಏನಾಗುತ್ತದೆ? ಗಲ್ಲಿಯುದ್ದಕ್ಕೂ ಸಾಂಬಾರಿನ ಹೊಳೆ ಹರಿಯಿತು. ಬೀದಿ ಬೆಕ್ಕುಗಳು ಆ ದಿನ ಶುದ್ಧ ಸಸ್ಯಾಹಾರಿಗಳಾದವು. ಪಾತ್ರೆಯಲ್ಲಿ ಸ್ವಲ್ಪ ಕಡಿಮೆ ತುಂಬಿಸೋಣವೇ ಎಂದು ಯಾರೋ ಮೆಲ್ಲಗೆ ಕೇಳಿದ್ದಕ್ಕೆ ಶೆಟ್ಟರೂ ಶೀಲಾವತಿಯೂ ಒಟ್ಟಿಗೇ ಕಣ್ಣು ಕೆಂಪು ಮಾಡಿದರು. ಆ ಒಂದು ವಿಷಯದಲ್ಲಿ ಗಂಡಹೆಂಡಿರು ಒಂದೇ ಪಕ್ಷ.

ಸಿಟ್ಟಿನಲ್ಲಿ ಶೆಟ್ಟರು ಗಾಡಿ ಹತ್ತಿ ರಿವರ್ಸ್ ತೆಗೆದರು. ಹಿಂದೆ ನೋಡಲಿಲ್ಲ. ಧೊಪ್ಪನೆ ಸದ್ದಾಯಿತು.

ಜಗಲಿಯ ಇನ್ನೊಂದು ತುದಿಗೆ ಒತ್ತಿಕೊಂಡೇ, ಬೇಸಿಗೆಯಲ್ಲಿ ಯಾರೋ ಗುತ್ತಿಗೆದಾರ ಪೈಪಿಗೆಂದು ಅಗೆಸಿ ಬಿಟ್ಟುಹೋಗಿದ್ದ ಹೊಂಡವಿತ್ತು. ಶೆಟ್ಟರು ದಿನಾ ಹಲ್ಲುಜ್ಜುವಾಗ ಅದಕ್ಕೆ ಶಾಪ ಹಾಕುತ್ತಿದ್ದರು. ಈಗ ಪಿಕಪ್ಪಿನ ನಾಲ್ಕೂ ಚಕ್ರ ಅದರೊಳಗೆ. ಶೆಟ್ಟರು ತಲೆಯ ಮೇಲೆ ಕೈ ಹೊತ್ತು ಇಳಿಯಹೋದರೆ, ಇಳಿಯುವುದೇ ಬೇಕಾಗಲಿಲ್ಲ. ಸೀಟಿನಿಂದ ಕಾಲಿಟ್ಟದ್ದು ನೇರ ಜಗಲಿಗೆ. ತಿರುಗಿ ನೋಡಿದರು. ಗಾಡಿಯ ಹಲಗೆ, ಅಪ್ಪನ ಜಗಲಿ, ಎರಡೂ ಸರಿಸಮ! ದರ್ಜಿ ಅಳತೆ ತೆಗೆದು ಹೊಲಿದಂಥ ಹೊಂಡ.

"ಪಪ್ಪಾ, ಯೇ ತೋ ಫಿಟ್ ಬೈಠ್ ಗಯಾ!" ಎಂದು ಯಕ್ಷಿತಾ ಚಪ್ಪಾಳೆ ತಟ್ಟಿದಳು.

"ಬೈಠೇಗಾ ಹಿ ನಾ! ನಾನು ಮೊದಲೇ ಲೆಕ್ಕ ಹಾಕಿದ್ದೆ" ಎಂದರು ಶೆಟ್ಟರು. ಹೊಸ ಟಯರುಗಳು ಹೊಂಡದ ಇಳಿಜಾರು ತುದಿಯನ್ನು ಕಚ್ಚಿ, ಕೆಸರಿನಿಂದ ಏಳುವ ಕಂಬಳದ ಕೋಣದಂತೆ ಗಾಡಿಯನ್ನು ಮೇಲೆ ತಂದವು. ಅಂದಿನಿಂದ ಶೆಟ್ಟರು ಹಲ್ಲುಜ್ಜುವಾಗ ಹೊಂಡಕ್ಕೆ ಕೈಮುಗಿಯತೊಡಗಿದರು.

ಮದುವೆಯ ಬೆಳಿಗ್ಗೆ ಆಕಾಶ ತೂತಾಗಿತ್ತು. ಕೊಪ್ಪರಿಗೆಯಲ್ಲಿ ಸಾಂಬಾರು ಕೊನೆಯ ಕುದಿಯಲ್ಲಿತ್ತು. ಶೀಲಾವತಿ, ಯಕ್ಷಿತಾ ಆಗಲೇ ಮದುವೆ ಹಾಲ್‌ಗೆ ಹೋಗಿದ್ದರು. ಶೆಟ್ಟರು ಗಾಡಿಯನ್ನು ಹೊಂಡಕ್ಕೆ ಇಳಿಸಲು ಹೊರಬಂದರೆ, ಹೊಂಡದ ಅಂಚಿನಲ್ಲಿ ಸಲಿಕೆ ಹಿಡಿದ ಗುಂಪು, ಪಕ್ಕದಲ್ಲಿ ಜಲ್ಲಿಯ ರಾಶಿ.

ಗುಂಪಿನ ಮುಂದಾಳು ರಾಚವ್ವ, ಕಲಬುರಗಿ ಕಡೆಯವಳು, ಸೊಂಟಕ್ಕೆ ಸೆರಗು ಬಿಗಿದಿದ್ದಳು. "ಯಣ್ಣಾ, ಗಾಡಿ ಆಚಿ ತಗಿ. ತಗ್ಗು ಮುಚ್ಚಬೇಕು."

ಶೆಟ್ಟರು ಹೊಂಡಕ್ಕೆ ಅಡ್ಡ ನಿಂತರು. "ಇವತ್ತಾ? ಬೇಸಿಗೆಯಿಂದ ಬಾರದವರು ಇವತ್ತೇ ಬರಬೇಕಿತ್ತಾ ತಾಯಿ?"

"ಬರದಿದ್ರ ಯಾಕ್ ಬರಲಿಲ್ಲಂತೀರಿ, ಬಂದ್ರ ಯಾಕ್ ಬಂದ್ರಂತೀರಿ. ನಾವೇನ್ ಗಾಳ್ಯಾಗ ಇರಬೇಕೇನು? ಏ, ಹಾಕ್ರಲೇ ಜಲ್ಲಿ!"

ಮೊದಲ ಸಲಿಕೆ ಎದ್ದಿತು. ಶೆಟ್ಟರ ಕಣ್ಣ ಮುಂದೆ ಹಳದಿ ಢೋಕ್ಲಾಗಳು ಸಾಲಾಗಿ ಕುಣಿದವು. ಬೇರೆಯವರಾದರೆ ಜಗಳ ತೆಗೆಯುತ್ತಿದ್ದರು. ಶೆಟ್ಟರಿಗೆ ಗೊತ್ತಿದ್ದ ಆಯುಧ ಒಂದೇ.

"ಅಕ್ಕಾ, ನನ್ನ ಮಗಳ ಮದುವೆ ಇವತ್ತು. ಹಸಿದ ಹೊಟ್ಟೆಯಲ್ಲಿ ನನ್ನ ಜಗಲಿ ಎದುರು ಯಾರೂ ಸಲಿಕೆ ಎತ್ತುವ ಹಾಗಿಲ್ಲ. ಮೊದಲು ತಿಂಡಿ. ಆಮೇಲೆ ಬೇಕಾದರೆ ನನ್ನನ್ನೂ ಸೇರಿಸಿ ಮುಚ್ಚಿ."

ರಾಚವ್ವನ ಮೂಗು ಆಗಲೇ ಒಗ್ಗರಣೆಯ ಕಡೆ ತಿರುಗಿತ್ತು. ಬಿಸಿ ಬನ್ಸು ಬಂತು, ಗೋಳಿಬಜೆ ಬಂತು, ಸಜ್ಜಿಗೆ ಬಂತು, ಅದರ ಮೇಲೆ ತುಪ್ಪ ಸುರಿಯುವ ಶೆಟ್ಟರ ಕೈ ಮಾತ್ರ ಹಿಂದಕ್ಕೆ ಹೋಗಲೇ ಇಲ್ಲ. ಕೊನೆಗೆ ಒಂದೊಂದು ಲೋಟ ಪಾಯಸ. ಗುಂಪು ಜಗಲಿಯ ಮೇಲೆ ಗೋಡೆಗೆ ಒರಗಿತು. ಸಲಿಕೆ ಎತ್ತುವುದಿರಲಿ, ರೆಪ್ಪೆ ಎತ್ತಲೂ ಶಕ್ತಿಯಿರಲಿಲ್ಲ. ಒಬ್ಬನ ಗೊರಕೆಗೆ ಪಕ್ಕದ ಕಟ್ಟಡದವರು ಗುಡುಗೆಂದು ಕಿಟಕಿ ಮುಚ್ಚಿಕೊಂಡರು.

"ಗಾಡಿ ತಗ್ಗಿನ್ಯಾಗ ಇಳಸ್ಕೋ ಹೋಗು, ಯಣ್ಣಾ" ಎಂದಳು ರಾಚವ್ವ, ತೇಗಿ. "ನಿನ್ನ ಕುತಂತ್ರ ಮೊದಲ ಬನ್ಸಿಗೇ ತಿಳೀತು ನನಗ. ಎರಡನೇದಕ್ಕ ಕ್ಷಮಾ ಮಾಡಿದೆ."

ಕೊಪ್ಪರಿಗೆ ಜಾರಿ ಗಾಡಿಯೊಳಗೆ ಕೂತಿತು. ಪಿಕಪ್ ಹೊಂಡದಿಂದೆದ್ದು ಹೊರಟಿತು.

ಕುರ್ಲಾದಲ್ಲಿ ಆ ದಿನ ರಸ್ತೆ ಇರಲಿಲ್ಲ, ಸಮುದ್ರದ ಒಂದು ಶಾಖೆ ತೆರೆದಿತ್ತು. ಕಾರುಗಳು ಮುಳುಗಿದ ಎಮ್ಮೆಗಳಂತೆ ಬೆನ್ನು ಮಾತ್ರ ತೋರಿಸುತ್ತಿದ್ದವು. ಶೆಟ್ಟರ ಪಿಕಪ್ ಮಾತ್ರ ಲುಂಗಿ ಎತ್ತಿ ಕಟ್ಟಿದ ಯಜಮಾನನಂತೆ ನೀರು ಸೀಳುತ್ತ ನಡೆಯಿತು. ಕಳೆದ ವರ್ಷ ಎಂಜಿನ್ ನೀರು ಕುಡಿದ ಜಾಗ ಬಂತು. ನೀರು ಬಂಪರ್ ಮುಟ್ಟಿತು, ಮುಖ ನೋಡಿತು, ಹಿಂದೆ ಸರಿಯಿತು.

ಅಷ್ಟರಲ್ಲಿ, "ಮಾವಾ! ಮಾವಾ!" ಎಂಬ ಕೂಗು ಕೇಳಿತು. ಹೂವಿನಿಂದ ಅಲಂಕರಿಸಿದ ಕಾರಿನ ಟಾಪಿನ ಮೇಲೆ, ಪೇಟ ತೊಟ್ಟು ಕೊಡೆ ಹಿಡಿದು ಕೂತಿದ್ದ ಮದುಮಗ ಅಕ್ಷಯ!

"ಅಳಿಯಂದಿರೇ, ಹತ್ತಿ! ಸಾಂಬಾರನ್ನು ತಬ್ಬಿಕೊಂಡು ಕೂತುಕೊಳ್ಳಿ. ಚೆಲ್ಲಿದರೆ ಮದುವೆ ಇಲ್ಲ!"

ಅಕ್ಷಯ ಹಾಗೆಯೇ ಕೂತ. ಮದುಮಗಳನ್ನು ಕೂಡ ಯಾರೂ ಅಷ್ಟು ಜೋಪಾನವಾಗಿ ತಬ್ಬಿರಲಾರರು.

ಹಾಲ್‌ನ ಬಾಗಿಲಲ್ಲಿ ಶೀಲಾವತಿ ಸೌಟು ಹಿಡಿದು ನಿಂತಿದ್ದಳು. ಒಳಗೆ ಹಿತೇಶ್ ಆಗಲೇ ಡಬ್ಬಿಗಳ ದಾರ ಬಿಚ್ಚಲು ಕತ್ತರಿ ತೆಗೆದಿದ್ದ. ಪಿಕಪ್ ಬಂದು ನಿಂತಿತು. ಶೀಲಾವತಿ ಗಾಡಿಯ ಮೇಲೆ ಹತ್ತಿ ಮುಚ್ಚಳ ಸರಿಸಿದಳು. ಕಂಠಮಟ್ಟ. ಗಾಡಿಯ ಹಲಗೆ ನೋಡಿದಳು, ಸಾಂಬಾರಿನ ಗುರುತೂ ಇರಲಿಲ್ಲ. ಕೊನೆಗೆ ಅವಳ ಕಣ್ಣು ಅಕ್ಷಯನ ಬಿಳಿ ಶಲ್ಯದ ಮೇಲೆ ನಿಂತಿತು. ಅಲ್ಲಿ, ಎದೆಯ ನಟ್ಟನಡುವೆ, ಹೊನ್ನಿನ ಬಣ್ಣದ ಒಂದು ಹನಿ.

ಹಿತೇಶನ ಕತ್ತರಿ ಗಾಳಿಯಲ್ಲಿ ನಿಂತಿತು.

ಶೀಲಾವತಿ ಆ ಹನಿಯನ್ನು ಬೆರಳಿನಿಂದ ಒರೆಸಿ, ನಾಲಗೆಗೆ ಹಚ್ಚಿ, ಕಣ್ಣು ಮುಚ್ಚಿದಳು.

"ಅಳಿಯನ ಮೇಲೆ ಬಿದ್ದದ್ದು ಚೆಲ್ಲಿದ ಲೆಕ್ಕವಲ್ಲ, ಮನೆಯೊಳಗೇ ಉಳಿದ ಲೆಕ್ಕ" ಎಂದಳು. ಆಮೇಲೆ ಒಳಗೆ ತಿರುಗಿ ದನಿ ಎತ್ತಿದಳು. "ಹಿತೇಶ್ ಭಾಯ್, ಕತ್ತರಿ ಒಳಗಿಡಿ. ಎಲೆ ಹಾಕ್ತಾ ಇದ್ದೇವೆ, ನೀವೂ ಕೂತುಕೊಳ್ಳಿ."