ಕಾಜದಮ್ಮ ದಾರ ಕಚ್ಚಿದ ಜಾಗ

ನಮ್ಮ ಕ್ರೈಸ್ತ ಸಭೆಗೆ ಅರವತ್ತು ವರ್ಷ ತುಂಬುತ್ತದೆಂದು ಇತಿಹಾಸದ ಪುಸ್ತಕ ಬರೆಯುತ್ತಿದ್ದ ಮೇಷ್ಟ್ರು, ಮೊದಲ ಪುಟವನ್ನು ನಮ್ಮ ಹೊಲಿಗೆ ಅಂಗಡಿಗೇ ತಂದು ಓದಿದರು. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಪರದೇಶದ ಪಾದ್ರಿಗಳು ಬಂದು ಈ ಸೀಮೆಯಲ್ಲಿ ಮೊದಲು ಸುವಾರ್ತೆ ಸಾರಿದರಂತೆ! ಮೊದಲು ಸಾರಿದವರು ಅಲ್ಲೇ ಮೂಲೆಯ ಕುರ್ಚಿಯಲ್ಲಿ ಕೂತು, ಡಬ್ಬಿಯಿಂದ ಬಿಳಿ ಗುಂಡಿ ಆರಿಸುತ್ತಿದ್ದರು. ಅವರೇ ನನ್ನ ಅತ್ತೆ. ವಯಸ್ಸು ಎಂಬತ್ತಾರು, ಬಾಯಿ ಮಾತ್ರ ಇನ್ನೂ ಇಪ್ಪತ್ತು.

"ಮೇಷ್ಟ್ರೇ, ನಮ್ಮತ್ತೆ ಎಲ್ಲಿ ಇದರಲ್ಲಿ?" ಎಂದೆ.

"ಇದ್ದಾರಮ್ಮ, ಏಳನೇ ಪುಟದಲ್ಲಿದ್ದಾರೆ. ಪಾದ್ರಿಗಳ ದಿನಚರಿಯಲ್ಲಿ ಒಂದು ಸಾಲು ಸಿಕ್ತು. 'ದರ್ಜಿಯ ಹೆಂಡತಿ ನನ್ನ ಅಂಗಿಗೆ ಗುಂಡಿ ಹಾಕಿಕೊಟ್ಟಳು' ಅಂತ."

ಗುಂಡಿಯಂತೆ, ಗುಂಡಿ! ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದೆ.

ಅತ್ತೆ ತಲೆಯೆತ್ತಿದರು. "ಗುಂಡಿ ಹಾಕಿದ್ದು ನಿಜಾನೇ. ಆದ್ರೆ ಆ ಪುಣ್ಯಾತ್ಮ ಬರೋ ಹೊತ್ತಿಗೆ ಕಲ್ಲುಗಣಿ ಕೇರೀಲೂ ಹೊಳೆಯಾಚೆ ಕೇರೀಲೂ ನಲವತ್ತು ಜನ ಪ್ರಾರ್ಥನೆ ಮಾಡ್ತಿದ್ರು. ಅವರಿಗೆ ಹೇಳ್ಕೊಟ್ಟಿದ್ದು ಯಾರು? ನಾನು."

"ಅಲ್ಲಮ್ಮ, ನೀವು ಸುಳ್ಳು ಹೇಳ್ತೀರಿ ಅಂತಲ್ಲ. ಇತಿಹಾಸ ಅಂದ್ಮೇಲೆ ದಾಖಲೆ ಬೇಕಲ್ವಾ? ಒಂದು ಕಾಗದ, ಒಂದು ಸಹಿ, ಏನಾದ್ರೂ..."

"ನನಗೆ ಓದು ಬರಹ ಬರ್ತಿರ್ಲಿಲ್ಲ. ಬಾಯಲ್ಲಿ ಕಲ್ತೆ, ಬಾಯಲ್ಲೇ ಕಲಿಸ್ದೆ. ಕಾಗದ ಎಲ್ಲಿಂದ ತರ್ಲಿ?"

ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ ಎಂದು ಹೇಳಿ ಮೇಷ್ಟ್ರು ಎದ್ದರು. ಅವರು ಹೋದ ಮೇಲೆ ಅತ್ತೆ ಗುಂಡಿಯ ಡಬ್ಬಿ ಮುಚ್ಚಿಟ್ಟರು. "ದೇವರಿಗೆ ಗೊತ್ತಿದ್ರೆ ಸಾಕು ಅಂತಾರಲ್ಲ, ನನಗೆ ಸಾಲದು ಕಣೇ," ಎಂದರು. "ಕಣ್ಣು ಮುಚ್ಚೋಕೆ ಮುಂಚೆ ಒಂದು ಸಲ ನನ್ನ ಹೆಸರು ಅಚ್ಚಾಗಬೇಕು. ನನಗೆ ಓದೋಕೆ ಬರಲ್ಲ, ನೀನು ಓದಿ ಹೇಳು."

ನಡೆದದ್ದು ಇಷ್ಟು. ಮಾವ ಯಾವುದೋ ಪಟ್ಟಣದಲ್ಲಿ ಹೊಲಿಗೆ ಕಲಿಯುವಾಗ ಕ್ರಿಸ್ತನ ನಂಬಿಕೆಗೆ ಬಂದು, ಒಂದು ಸುವಾರ್ತೆಯ ಪುಸ್ತಕ ತಂದಿದ್ದರು. ಊಟವಾದ ಮೇಲೆ ಅವರು ಓದುವರು, ಅತ್ತೆ ಬಾಯಿಪಾಠ ಮಾಡುವರು. ಆಗ ಅಂಗಿಯ ಕಾಜಗಳನ್ನೆಲ್ಲ ಕೈಯಲ್ಲೇ ಹೊಲಿಯಬೇಕಿತ್ತು. ಗುಂಡಿ ತೂರುವ ಆ ಸೀಳಿನ ಸುತ್ತ ಒತ್ತೊತ್ತಾಗಿ ಹೊಲಿಗೆ ಹಾಕಲು ಕಲ್ಲುಗಣಿಯಿಂದ, ಹೊಳೆಯಾಚೆಯಿಂದ ಹೆಂಗಸರು ಬಂದು ಈ ಮೇಜಿನ ಸುತ್ತ ಕೂರುತ್ತಿದ್ದರು. ಅವರಲ್ಲೊಬ್ಬಳು ಕೂಸನ್ನು ಕಳೆದುಕೊಂಡು, ಸೂಜಿ ಹಿಡಿದರೂ ಹೊಲಿಯದೆ ಸುಮ್ಮನೆ ಕೂತಿರುತ್ತಿದ್ದಳಂತೆ. ಅತ್ತೆ ಅವಳ ಪಕ್ಕ ಕೂತು, ಕಾಜ ಹಾಕುತ್ತಲೇ, ಕರ್ತನು ಕಲಿಸಿದ ಪ್ರಾರ್ಥನೆ ಹೇಳಿದರು. ಮೂರನೆಯ ದಿನ ಅವಳು, "ಅಕ್ಕಾ, ನನಗೂ ಅದನ್ನ ಹೇಳ್ಕೊಡಿ" ಎಂದಳು. ಆಮೇಲೆ ಮೇಜಿನ ಸುತ್ತ ಇದ್ದವರೆಲ್ಲ ಕಲಿತರು, ಕಲಿತದ್ದನ್ನು ತಮ್ಮ ತಮ್ಮ ಕೇರಿಗೆ ಒಯ್ದರು. ಈಗ ಆ ಹೆಂಗಸರಲ್ಲಿ ಒಬ್ಬರೂ ಉಳಿದಿಲ್ಲ.

ಆ ಭಾನುವಾರ ನಮ್ಮದೂ ಸೇರಿ ಮೂರೂ ಕೇರಿಯವರಿಗೆ ನಮ್ಮ ಆಲಯದಲ್ಲೇ ಕೂಡು ಆರಾಧನೆ. ಬೆಂಚು ಸಾಲದೆ ಹೊಲಿಗೆ ಅಂಗಡಿಯ ಸ್ಟೂಲುಗಳನ್ನೂ ಹೊತ್ತು ತಂದಿದ್ದೆವು. ಪಾದ್ರಿ ಎಲ್ಲರೊಂದಿಗೆ ಅದೇ ಪ್ರಾರ್ಥನೆ ಶುರು ಮಾಡಿದರು. ನಮ್ಮೂರಿನವರು ಅಚ್ಚಿನ ಪುಸ್ತಕ ನೋಡಿ ಕಲಿತವರು, ಸರಾಗವಾಗಿ ಹೇಳುತ್ತಾ ಹೋದೆವು. "ನಮ್ಮ ತಪ್ಪುಗಳನ್ನು" ಎಂಬಲ್ಲಿಗೆ ಬಂದಾಗ ಹಿಂದಿನ ಅರ್ಧ ಆಲಯ ಗಪ್ಪೆಂದು ನಿಂತಿತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ "ಕ್ಷಮಿಸು" ಎಂದಿತು. ಅಷ್ಟರಲ್ಲಿ ನಾವು ಮುಂದೆ ಹೋಗಿದ್ದೆವು. ಕೊನೆಯ ಆಮೆನ್ ಎರಡೆರಡು ಸಲ ಕೇಳಿತು, ಮಕ್ಕಳು ಕಿಸಕ್ಕೆಂದವು.

ಆರಾಧನೆ ಮುಗಿದಾಗ ಮೇಷ್ಟ್ರು ಕಲ್ಲುಗಣಿಯ ಹಿರಿಯರೊಬ್ಬರನ್ನು ಹಿಡಿದರು. "ಅದೇನ್ರೀ, ಮಾತಿನ ಮಧ್ಯೆ ನಿಂತುಬಿಟ್ರಿ?"

"ನಮ್ಮಜ್ಜಿ ಹಾಗೇ ಕಲಿಸಿದ್ದು. ಅಲ್ಲಿ ನಿಂತು ಅವರವರ ತಪ್ಪು ಅವರವರು ನೆನೆಸ್ಕೋಬೇಕು."

ಹೊಳೆಯಾಚೆಯ ಹೆಂಗಸೊಬ್ಬಳು ತಲೆಯಾಡಿಸಿದಳು. "ಅಲ್ಲಪ್ಪ, ಅಲ್ಲಿ ದೇವರು ಮಾತಾಡ್ತಾನೆ, ನಾವು ಸುಮ್ನಿರ್ಬೇಕು. ನಮ್ಮಮ್ಮ ಹೇಳ್ತಿದ್ಲು."

"ನೀವು ಇಬ್ರೂ ಒಬ್ರಿಂದೊಬ್ರು ಕಲ್ತ್ರಾ?" ಎಂದರು ಮೇಷ್ಟ್ರು.

"ಇಲ್ಲಪ್ಪ, ನಾವು ಒಟ್ಟಿಗೆ ಆರಾಧನೆ ಮಾಡಿದ್ದೇ ಇವತ್ತು!"

ನನಗೆ ಥಟ್ಟನೆ ಹೊಳೆಯಿತು. ಮನೆಯ ಪ್ರಾರ್ಥನೆಯಲ್ಲಿ ಅತ್ತೆ ಕೂಡ ದಿನಾ ಅಲ್ಲೇ ನಿಲ್ಲುತ್ತಿದ್ದರು. ವಯಸ್ಸಾಯಿತು, ಉಸಿರು ಸಾಲದೇನೋ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು!

"ಅತ್ತೆ, ನೀವ್ಯಾಕೆ ಅಲ್ಲಿ ನಿಲ್ತೀರಿ?"

ಅತ್ತೆ ನನ್ನನ್ನೊಮ್ಮೆ, ಆ ಇಬ್ಬರನ್ನೊಮ್ಮೆ ನೋಡಿದರು. ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅಯ್ಯೋ ದೇವ್ರೇ! ಅದನ್ನೂ ಕಲ್ತುಬಿಟ್ರಾ? ಸೂಜಿ ದಾರ ಕೊಡೇ."

ದರ್ಜಿ ಮನೆಯವಳ ಚೀಲದಲ್ಲಿ ಸೂಜಿಗೆ ಬರವೇ? ದಾರ ಪೋಣಿಸಿ, ಒಂದು ಬಟ್ಟೆಚೂರಿಗೆ ಸೀಳು ಕೊಟ್ಟು ಕೈಗಿಟ್ಟೆ. ಅತ್ತೆ ಕಾಜ ಹೊಲಿಯತೊಡಗಿದರು. ಕಣ್ಣು ಮಂಜು, ಬೆರಳು ಮಾತ್ರ ಮರೆತಿರಲಿಲ್ಲ. ಒಂದೊಂದು ಹೊಲಿಗೆಗೆ ಒಂದೊಂದು ಮಾತು, ಅದೇ ಹಳೆಯ ನಿಧಾನದಲ್ಲಿ ಪ್ರಾರ್ಥನೆ ಸಾಗಿತು. ಸುತ್ತ ನಿಂತಿದ್ದವರು ತಾವಾಗಿಯೇ ದನಿಗೂಡಿಸಿದರು. "ನಮ್ಮ ತಪ್ಪುಗಳನ್ನು" ಎನ್ನುವಾಗ ಕಾಜ ಮುಗಿಯಿತು. ಅತ್ತೆ ಬಗ್ಗಿ, ಉಳಿದಿರುವ ಎರಡು ಮುಂದಿನ ಹಲ್ಲಿನಲ್ಲಿ ದಾರ ಕಚ್ಚಿದರು. ಟಕ್. ಅಷ್ಟೂ ಜನ ಅಲ್ಲೇ ಮಾತು ನಿಲ್ಲಿಸಿದ್ದರು. ಅತ್ತೆ ತಲೆಯೆತ್ತಿ "ಕ್ಷಮಿಸು" ಎಂದರು. ಅಷ್ಟೂ ಜನ "ಕ್ಷಮಿಸು" ಎಂದರು.

ನಾನು ಅತ್ತುಬಿಟ್ಟೆ. ಹೆಮ್ಮೆಯಿಂದಲೇ ಅತ್ತದ್ದು, ಮುಚ್ಚಿಡುವುದೇನಿದೆ! ಓದು ಬಾರದ ನನ್ನ ಅತ್ತೆ ಎರಡು ಕೇರಿಯ ಬಾಯಲ್ಲಿ ಅರವತ್ತು ವರ್ಷ ಅಳಿಯದ ಸಹಿ ಹಾಕಿದ್ದರು. ಕಲ್ಲುಗಣಿಯ ಹಿರಿಯರು ಮೊಣಕಾಲೂರಿ ಅವರ ಕೈ ಹಿಡಿದುಕೊಂಡರು. "ಅಮ್ಮಾ, ನೀವೇನಾ ಅವರು? ಕಾಜದಮ್ಮನ ಪ್ರಾರ್ಥನೆ ಅಂತಿದ್ಲು ನಮ್ಮಜ್ಜಿ. ಯಾವುದೋ ದೂರದ ಊರಿನವರು ಅಂದ್ಕೊಂಡಿದ್ವಿ."

ಮೇಷ್ಟ್ರು ಮೊದಲ ಪುಟವನ್ನು ಮಡಿಸಿ ಜೇಬಿಗಿಟ್ಟು, ಹೊಸ ಹಾಳೆ ತೆಗೆದರು. "ಹೇಳಿ ತಾಯಿ, ಏನಂತ ಬರೀಲಿ?"

"ಕಾಜದಮ್ಮ ಕಲಿಸಿದ್ಲು ಅಂತ ಬರೀರಿ. ದೊಡ್ಡ ಅಕ್ಷರದಲ್ಲಿ." ಅತ್ತೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡರು. "ಹಾಂ, ಆ ಗುಂಡಿ ವಿಷಯಾನೂ ತೆಗೀಬೇಡಿ ಮೇಷ್ಟ್ರೇ. ಗಟ್ಟಿಯಾಗೇ ಹಾಕಿದ್ದೆ."